ಮೆಷಿನ್ ಗನ್ನಿಗೊಂದು ಸ್ಟ್ಯಾಂಡು

ಮನೆಯಲ್ಲಿ ಡ್ರಿಲ್ಲಿಂಗ್ ಮೆಷಿನ್ ಇಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಅದು ನಮ್ಮಲ್ಲಿದೆ ಎಂದು ಬೇರೆಯವರಿಗೆ ಗೊತ್ತಾಗಬಾರದು, ಅಷ್ಟೆ. ಗೊತ್ತಾಯಿತೋ, ಅವತ್ತಿನಿಂದ ಪರಿಚಯದವರೆಲ್ಲರ ಪಾಲಿಗೆ ನೀವು ಅರ್ಧ ಬಡಗಿ, ಅರ್ಧ ಪ್ಲಂಬರ್. ನಾನು ವೃತ್ತಿಯಿಂದ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಕಟ್ಟಿದ್ದು ಎಲ್ಲಿ ಮುರಿಯುತ್ತದೆ ಎಂದು ಹುಡುಕುವುದಕ್ಕೇ ನನಗೆ ಸಂಬಳ. ಹಾಗಿದ್ದೂ ಸಿಂಗಪುರದ ಹೌಗಾಂಗ್‌ನ ನಮ್ಮ ಫ್ಲ್ಯಾಟಿನಲ್ಲಿ ಪರದೆಯ ರಾಡನ್ನು ನಾನೇ ಗೋಡೆಗೆ ಕೂರಿಸಿದ್ದೆ. ಊಟಕ್ಕೆ ಬಂದಿದ್ದ ಮೂರ್ತಿ ಅಂಕಲ್ ಅದನ್ನು ಎರಡು ಸಲ ಜಗ್ಗಿ ನೋಡಿದರು. ರಾಡು ಅಲುಗಲಿಲ್ಲ. ನನ್ನ ಕಥೆ ಅಲ್ಲಿಗೆ ಮುಗಿಯಿತು.

ಇಲ್ಲಿನ ಕನ್ನಡಿಗರನ್ನು ಸೇರಿಸಿ ವರ್ಷಕ್ಕೊಂದು ನಾಟಕ ಆಡಿಸುವುದು ಮೂರ್ತಿ ಅಂಕಲ್‌ಗೆ ಹಳೆಯ ಹುಚ್ಚು. ಈ ಸಲ ಗಡಿಕಾವಲಿನ ಸೈನಿಕರ ಕಥೆ. ರಂಗದ ನಡುವೆ ಒಂದು ಮೆಷಿನ್ ಗನ್ ಬೇಕಂತೆ. "ಗನ್ ಏನಮ್ಮ, ಒಂದು ಪೈಪು. ಸ್ಟ್ಯಾಂಡ್ ಮಾತ್ರ ಗಟ್ಟಿ ಇರಬೇಕು. ಆ ಕಡೆ ಈ ಕಡೆ ತಿರುಗಬೇಕು, ಮೇಲೆ ಕೆಳಗೆ ಆಗಬೇಕು. ನಿಂಗೆ ಒಂದು ಸಂಡೇ ಕೆಲಸ," ಎಂದರು. ನಾನು ಹೂಂ ಅಂದೆ. ಹೊಗಳಿಕೆಗೆ ಹೂಂ ಅನ್ನುವ ಕಾಯಿಲೆ ನನಗೆ ಚಿಕ್ಕಂದಿನಿಂದ ಇದೆ.

ಆದರೆ ಸಿಂಗಪುರದಲ್ಲಿ ಮೆಷಿನ್ ಗನ್ ಮಾಡುವುದೆಂದರೆ ಬೆಂಗಳೂರಿನಲ್ಲಿ ಗಣೇಶನ ಪೆಂಡಾಲಿಗೆ ಥರ್ಮೊಕೋಲ್ ಗುಡ್ಡ ಮಾಡಿದಂತಲ್ಲ. ಇಲ್ಲಿ ಅಸಲಿಯಂತೆ ಕಾಣುವ ನಕಲಿ ಬಂದೂಕಿಗೂ ಪೊಲೀಸರ ಅನುಮತಿ ಬೇಕು. ನಾಟಕದ ಸಭಾಂಗಣ ನೋಡಿಕೊಳ್ಳುವ ಮೇಡಂ ಟಾನ್ ನಮ್ಮನ್ನು ಕೂರಿಸಿ ಇಲ್ಲಿನ ಇಂಗ್ಲಿಷಿನ ಧಾಟಿಯಲ್ಲಿ ಹೇಳಿದರು: "ರಿಯಲ್ ಗನ್ ಥರ ಇದ್ದರೆ ಕೆನಾಟ್ ಲಾ. ಬ್ಲ್ಯಾಕ್ ಕಲರ್ ಕೆನಾಟ್. ಆರೆಂಜ್ ಮಾಡಿ." ಹೊರಗೆ ಬಂದ ಮೂರ್ತಿ ಅಂಕಲ್ ಮುಖ ಇಳಿಬಿಟ್ಟರು. "ಕಿತ್ತಳೆ ಬಣ್ಣದ ಗನ್ ಹಿಡಿದು ಯಾವನು ಸಾಯ್ತಾನಮ್ಮ?" ಕೊನೆಯ ಸಾಲಿನವರಿಗೆ ಅದು ಗನ್ ಅನ್ನಿಸಬೇಕು, ಮೇಡಂ ಟಾನ್‌ಗೆ ಅನ್ನಿಸಬಾರದು. ಇಷ್ಟು ಗೊಂದಲದ ರಿಕ್ವೈರ್‌ಮೆಂಟು ನನಗೆ ಆಫೀಸಿನಲ್ಲೂ ಬಂದಿರಲಿಲ್ಲ.

ಆಗ ಸುಧಾಕರ್ ಬಂದರು. ಉಡುಪಿ ಕಡೆಯವರು, ಯಿಶುನ್‌ನಲ್ಲಿ ವಾಸ, ಮೆಕ್ಯಾನಿಕಲ್ ಇಂಜಿನಿಯರ್. ಅವರ ಕಂಪನಿ ಇಲ್ಲಿನ ವಿಭಾಗವನ್ನೇ ಮುಚ್ಚಿತ್ತು. ಬೇರೆ ಕೆಲಸ ಬೇಗ ಸಿಗದಿದ್ದರೆ ಇಲ್ಲಿರಲು ಬೇಕಾದ ಪಾಸ್ ಮುಗಿದು ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಬೇಕು. ಇಡೀ ದಿನ ಲ್ಯಾಪ್‌ಟಾಪಿನ ಮುಂದೆ ಕೂತು ಯಾರೊಡನೆಯೂ ಮಾತಾಡದೆ ಇರುವುದನ್ನು ನೋಡಲಾಗದೆ ಹೆಂಡತಿ ಪ್ರಮೀಳಾ ಅವರನ್ನು ನಾಟಕಕ್ಕೆ ದಬ್ಬಿದ್ದಳು. ಮೂರ್ತಿ ಅಂಕಲ್ ಗನ್ನಿನ ಹಿಂದೆ ಕೂರುವ ಸೈನಿಕನ ಪಾತ್ರ ಕೊಟ್ಟರು. ಒಂದೇ ಒಂದು ಮಾತೂ ಇಲ್ಲದ ಪಾತ್ರ. "ಅವರಿಗೆ ಸರಿಯಾಗ್ತದೆ ಬಿಡಿ, ಮನೆಯಲ್ಲೂ ಅದೇ ಪಾರ್ಟು," ಎಂದಳು ಪ್ರಮೀಳಾ. ನಗುತ್ತಲೇ ಹೇಳಿದಳು. ಆದರೆ ಹೇಳಿ ಮುಗಿಸಿ ಕಿಟಕಿಯ ಕಡೆ ತಿರುಗಿಕೊಂಡಳು.

"ನಾನು ಕೂರುವ ಗನ್ ಅಲ್ವಾ, ನಾನೂ ಬರ್ತೇನೆ," ಎಂದು ಸುಧಾಕರ್ ಶನಿವಾರ ಬೆಳಿಗ್ಗೆ ನಮ್ಮಲ್ಲಿಗೆ ಬಂದರು. ಮನೆಯೊಳಗೆ ಗರಗಸ ಹಿಡಿದರೆ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆಂದು ನಮ್ಮ ವರ್ಕ್‌ಶಾಪು ಬ್ಲಾಕಿನ ಬುಡದ ಖಾಲಿ ನೆಲಮಹಡಿಗೆ, ಅಂದರೆ ವಾಯ್ಡ್ ಡೆಕ್ಕಿಗೆ ಇಳಿಯಿತು. ಬಟ್ಟೆ ಒಣಗಿಸುವ ಬಿದಿರು ಕೋಲುಗಳು ಸ್ಟ್ಯಾಂಡಿನ ಮೂರು ಕಾಲಾದವು. ಗನ್ ಸುತ್ತ ತಿರುಗಲು ಏನು ಮಾಡುವುದೆಂದು ಯೋಚಿಸಿ, ನಮ್ಮ ಊಟದ ಮೇಜಿನ ಮೇಲಿದ್ದ ತಿರುಗುವ ತಟ್ಟೆಯನ್ನೇ ಕಿತ್ತು ತಂದೆ. ನನ್ನ ಗಂಡ ರಘು ಬಾಲ್ಕನಿಯಿಂದಲ್ಲ, ಅದು ನಮಗಿಲ್ಲ, ಫೋನಿನಿಂದ ಕೂಗಿದ: "ಉಪ್ಪಿನಕಾಯಿ ಬೇಕಂದ್ರೆ ಇನ್ಮೇಲೆ ನಾನೇ ಎದ್ದು ಹೋಗ್ಬೇಕಾ?" ದೇಶ ಕಾಯುವವರ ಮನೆಯಲ್ಲಿ ಇಂಥ ಸಣ್ಣ ತ್ಯಾಗಗಳು ಇರುತ್ತವೆ ಎಂದೆ. ಅವನು ಫೋನ್ ಇಟ್ಟ.

ಗನ್ನಿನ ನಳಿಗೆಗೆ ಪಿವಿಸಿ ಪೈಪು. ಅದರ ಮೇಲೆ ತೂತುತೂತಿನ ಹೊರಕವಚಕ್ಕೆ ಚಮಚ ಇಡುವ ಸ್ಟೀಲ್ ಡಬ್ಬ. ಗುಂಡಿನ ಸರಕ್ಕೆ ಮಗಳ ಒಣಗಿದ ಸ್ಕೆಚ್ ಪೆನ್ನುಗಳನ್ನು ಸಾಲಾಗಿ ಪಟ್ಟಿಗೆ ಹೊಲಿದೆ. ಸುಧಾಕರ್ ಮೊದಮೊದಲು ಅಳತೆ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ಕಾಫಿ ಹೊತ್ತಿಗೆ ಸ್ವಲ್ಪ ಬಾಯಿ ಬಿಡುತ್ತಿದ್ದರು. ಮರುವಾರ, ಕೋಲಿನ ಕಾಲುಗಳು ಜಾರದಂತೆ ಅಡಿಗೆ ಹಳೆಯ ಚಪ್ಪಲಿಯ ರಬ್ಬರ್ ಕತ್ತರಿಸಿ ಅಂಟಿಸುವಾಗ ಇದ್ದಕ್ಕಿದ್ದಂತೆ, "ಕೈಗೆ ಕೆಲಸ ಇದ್ದರೆ ತಲೆ ಸುಮ್ಮನಿರ್ತದೆ ಮಾರಾಯ್ರೆ. ಇವತ್ತು ಬೆಳಿಗ್ಗೆಯಿಂದ ಮೇಲ್ ನೋಡಿಯೇ ಇಲ್ಲ," ಎಂದರು. ನಾನು ರಬ್ಬರ್ ಒತ್ತಿ ಹಿಡಿದೆ. ಪಕ್ಕದ ಕಲ್ಲುಮೇಜಿನಲ್ಲಿ ಚದುರಂಗ ಆಡುತ್ತಿದ್ದ ಚೀನೀ ಅಂಕಲ್ ಒಬ್ಬರು ಎದ್ದು ಬಂದು ಸ್ಟ್ಯಾಂಡನ್ನು ಮೂರು ಕಡೆಯಿಂದಲೂ ಅಲುಗಿಸಿದರು. "ವೆರಿ ಸ್ಟ್ರಾಂಗ್. ಫಿಶಿಂಗ್ ಆ?" ಎಂದರು. ಸುಧಾಕರ್ ಹೌದೆಂದರು. ಆಮೇಲೆ ಇಬ್ಬರೂ ಬಹಳ ಹೊತ್ತು ಮೀನಿನ ಬಗ್ಗೆ ಮಾತಾಡಿದರು. ಆ ಮನುಷ್ಯ ಅಷ್ಟು ಮಾತಾಡಿದ್ದನ್ನು ನಾನು ಮೊದಲ ಸಲ ಕಂಡೆ.

ಜಗಳವಾದದ್ದು ಒಂದೇ ವಿಷಯಕ್ಕೆ. ನಳಿಗೆಯನ್ನು ಸ್ಟ್ಯಾಂಡಿಗೆ ಸೇರಿಸುವ ಜಾಗದಲ್ಲಿ ಈ ಕಡೆಯಿಂದ ಆ ಕಡೆಗೆ ಹಾಯುವಂತೆ ಬೋಲ್ಟ್ ಹಾಕೋಣ ಎಂದರು ಸುಧಾಕರ್. ಬೇಡ, ಸೈಕಲ್ ಸೀಟಿನ ಕ್ಲ್ಯಾಂಪ್ ಸಾಕು, ಬೇಕಾದ ಹಾಗೆ ಎತ್ತಿ ಇಳಿಸಬಹುದು ಎಂದೆ ನಾನು. "ಅದು ಭಾರ ತಡೆಯುವುದಿಲ್ಲ ಮೇಡಂ." "ನಾನು ಟೆಸ್ಟ್ ಮಾಡಿದೀನಿ." ವೃತ್ತಿಯ ಹೆಸರೆತ್ತಿದ ಮೇಲೆ ಅವರು ಬೋಲ್ಟನ್ನು ಪಕ್ಕಕ್ಕಿಟ್ಟರು.

ಕೊನೆಗೆ ಎಲ್ಲದಕ್ಕೂ ಕಿತ್ತಳೆ ಬಣ್ಣ ಬಳಿದು ಮೇಡಂ ಟಾನ್ ಎದುರು ನಿಲ್ಲಿಸಿದೆವು. ಅವರು ಕನ್ನಡಕ ಏರಿಸಿ ಸುತ್ತು ಬಂದು, "ಇದು ಸಾಟೆ ಸುಡೋ ಮೆಷಿನ್ನಾ?" ಎಂದು ಕೇಳಿದರು. ಕಡ್ಡಿಗೆ ಸಿಕ್ಕಿಸಿದ ಮಾಂಸ ಸುಡುವ ಒಲೆಯೆಂದುಕೊಂಡರೇನೋ, ಒಪ್ಪಿಗೆ ಅಲ್ಲೇ ಸಿಕ್ಕಿತು. ನಾನೂ ಮೂರ್ತಿ ಅಂಕಲ್ಲೂ ಪೆಚ್ಚಾಗಿ ನಿಂತೆವು. ಆದರೆ ರಿಹರ್ಸಲ್ಲಿನಲ್ಲಿ ರಾತ್ರಿಯ ದೃಶ್ಯಕ್ಕೆ ನೀಲಿ ದೀಪ ಹಾಕಿದ್ದೇ ತಡ, ಆ ಕಿತ್ತಳೆ ಬಣ್ಣವೆಲ್ಲ ಮಾಯವಾಗಿ ಕಪ್ಪಗೆ ಕಂಡಿತು. ಮುಂಭಾಗದ ಸಾಲಿನಲ್ಲಿದ್ದ ಪ್ರಮೀಳಾ "ಅಯ್ಯೋ ದೇವರೇ, ಗನ್!" ಎಂದು ಎದೆ ಹಿಡಿದುಕೊಂಡಳು. ಮೂರ್ತಿ ಅಂಕಲ್ ನನ್ನ ಕೈ ಕುಲುಕಿದ ರಭಸಕ್ಕೆ ಬಳೆ ಒಡೆಯಬೇಕಿತ್ತು.

ನಾಟಕದ ದಿನ ಸಭಾಂಗಣ ತುಂಬಿತ್ತು. ಕದನವಿರಾಮದ ಸುದ್ದಿ ಬರುವ ಗಂಭೀರ ಘಟ್ಟ. ನೀಲಿ ಬೆಳಕು, ಗನ್ನಿನ ಹಿಂದೆ ಸುಧಾಕರ್, ಎಲ್ಲೆಡೆ ಮೌನ. ಆಗ ನನ್ನ ಕ್ಲ್ಯಾಂಪ್ ಸಡಿಲವಾಯಿತು. ನಳಿಗೆ ಒಂದೇ ಸಲ ಬೀಳಲಿಲ್ಲ, ಬಿದ್ದಿದ್ದರೆ ಒಳ್ಳೆಯದಿತ್ತು. ತೂಕಡಿಸುವವರ ತಲೆಯ ಹಾಗೆ ನಿಧಾನವಾಗಿ, ಎಲ್ಲರಿಗೂ ಕಾಣುವಂತೆ ನೆಲದತ್ತ ಬಾಗತೊಡಗಿತು. ಪಕ್ಕದ ಪರದೆಯ ಹಿಂದೆ ನಿಂತಿದ್ದ ನಾನು ಕಣ್ಣು ಮುಚ್ಚಿಕೊಂಡೆ. ಎಲ್ಲೋ ಒಂದು ಕಿಸಕ್ ಕೇಳಿತು. ಅಷ್ಟರಲ್ಲಿ, ಒಂದು ಮಾತೂ ಇಲ್ಲದ ಸೈನಿಕ ಮಾತಾಡಿದ. ಬಾಗಿದ ನಳಿಗೆಯ ಮೇಲೆ ಕೈಯಿಟ್ಟು, ತನ್ನ ಊರಿನ ಧಾಟಿಯಲ್ಲಿ ಮೆಲ್ಲಗೆ, "ನಿನಗೂ ಸುಸ್ತಾಯ್ತಾ? ಸಾಕು, ಮಲಗು. ಇನ್ನು ನಿನಗೆ ಕೆಲಸ ಇಲ್ಲ," ಎಂದ.

ಯಾರೂ ನಗಲಿಲ್ಲ. ಒಂದು ಗಳಿಗೆ ಬಿಟ್ಟು ಚಪ್ಪಾಳೆ ಶುರುವಾಯಿತು, ನಿಲ್ಲಲೇ ಇಲ್ಲ. ಪ್ರಮೀಳಾ ಅಳುತ್ತಿದ್ದಳು. ನಾಟಕ ಮುಗಿದ ಮೇಲೆ ಜನ ನನ್ನ ಹತ್ತಿರ ಬಂದು, "ಗನ್ ತಲೆ ಬಾಗಿಸಿದ್ದು ಎಂಥ ಐಡಿಯಾ! ಎಂಥ ಸಂಕೇತ!" ಎಂದರು. ನಾನು ವಿನಯದಿಂದ ಕತ್ತು ಆಡಿಸಿದೆ. ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ಕೆಲವು ದಿನಗಳ ನಂತರ ಸುಧಾಕರ್ ಫೋನ್ ಮಾಡಿದರು. ಆಸ್ಪತ್ರೆಯ ಉಪಕರಣಗಳಿಗೆ ಸ್ಟ್ಯಾಂಡ್ ತಯಾರಿಸುವ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ದನಿ ಕೇಳಿದರೇ ಗೊತ್ತಾಗುತ್ತಿತ್ತು, ಬೇರೆಯೇ ಮನುಷ್ಯ. ಇಂಟರ್‌ವ್ಯೂನಲ್ಲಿ, ಕೆಲಸ ಇಲ್ಲದ ದಿನಗಳಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದರಂತೆ. ಇವರು ಪ್ರಾಮಾಣಿಕವಾಗಿ "ಮೆಷಿನ್ ಗನ್ನಿಗೆ ಸ್ಟ್ಯಾಂಡ್ ಮಾಡುತ್ತಿದ್ದೆ" ಎಂದರಂತೆ. ಎದುರಿಗಿದ್ದ ಮೂವರೂ ಪೆನ್ನು ಕೆಳಗಿಟ್ಟರಂತೆ. ಗಾಬರಿಯಿಂದ ಇವರು ಫೋನಿನಲ್ಲಿದ್ದ ನಾಟಕದ ವಿಡಿಯೊ ತೋರಿಸಿದಾಗ ಅವರು ನಕ್ಕು, ಬಿದಿರಿನ ಕಾಲು, ತಿರುಗುವ ತಟ್ಟೆ, ಚಪ್ಪಲಿ ರಬ್ಬರ್ ಎಲ್ಲವನ್ನೂ ಕೆದಕಿ ಕೆದಕಿ ಕೇಳಿದರಂತೆ.

ನನಗೆ ಕಣ್ಣು ತುಂಬಿ ಬಂತು. "ಮತ್ತೆ ಆ ಗನ್ ಬಾಗಿದ್ದು? ಅದನ್ನ ನೋಡಿ ಏನಂದ್ರು? ಸಂಕೇತ ಅಂತ ಅರ್ಥ ಆಯ್ತಾ ಅವರಿಗೆ?" ಎಂದು ಆಸೆಯಿಂದ ಕೇಳಿದೆ.

"ಅದು ಯಾಕೆ ಫೇಲ್ ಆಯ್ತು ಅಂತ ಕೇಳಿದ್ರು ಮೇಡಂ," ಎಂದರು ಸುಧಾಕರ್, ತುಸು ಸಂಕೋಚದಿಂದ. "ಆ ಪಾರ್ಟ್ ನನ್ನದಲ್ಲ, ಒಬ್ಬರು ಸಾಫ್ಟ್‌ವೇರಿನವರು ಟೆಸ್ಟ್ ಮಾಡಿ ಹಾಕಿದ್ದು ಅಂತ ಹೇಳಿದೆ. ಕೂಡಲೇ ಅವರಿಗೆ ಅರ್ಥ ಆಯ್ತು."