ಹಿಟ್ಟಿನ ಡಬ್ಬಿಗೆ ಒರಗಿಸಿದ ಫೋನು

ವಿಡಿಯೋ ಕಾಲ್ ಬಂದ ಮೇಲೆ ಪರದೇಶವೇನೂ ದೂರವಲ್ಲ, ಮನೆಯವರ ಮುಖ ನೋಡುತ್ತಲೇ ಇರಬಹುದು ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನಾನಂತೂ ಈ ದೇಶಕ್ಕೆ ಬಂದಂದಿನಿಂದ ನೋಡುತ್ತಿರುವುದು ನಮ್ಮ ಅಡುಗೆಮನೆಯ ಜಂತಿಗಳನ್ನು. ಗೋಡೆಯ ಬದಿಯ ಜಂತಿಯಲ್ಲಿ ಒಂದು ಬಿರುಕಿದೆ. ಬೆಳಕಿಂಡಿಯ ಗಾಜಿನ ಮೇಲೆ ದಿನವೂ ಒಂದು ಗುಬ್ಬಿ ಬಂದು ಕೂರುತ್ತದೆ, ಯಾರೋ ಗದರಿದಂತೆ ಥಟ್ಟನೆ ಹಾರಿಹೋಗುತ್ತದೆ. ಈ ವಿಷಯಗಳಲ್ಲಿ ನಾನು ಪರೀಕ್ಷೆ ಬರೆಯಬಲ್ಲೆ. ಮನೆಯಲ್ಲಿದ್ದಷ್ಟು ವರ್ಷ ಒಮ್ಮೆಯೂ ತಲೆಯೆತ್ತಿ ನೋಡದ ಮಾಳಿಗೆಯನ್ನು ನೋಡಲು ನಾನು ಸಮುದ್ರ ದಾಟಿ ಬರಬೇಕಾಯಿತು.

ಕಾರಣ ಸರಳವಾಗಿದೆ. ರೋಣದ ನಮ್ಮ ಮನೆಯಲ್ಲಿ ಅವ್ವ ರೊಟ್ಟಿ ಬಡಿಯಲು ಕೂರುವುದೂ ಇಲ್ಲಿ ನನಗೆ ಮಧ್ಯಾಹ್ನದ ಊಟದ ಬಿಡುವು ಸಿಗುವುದೂ ಒಂದೇ ಹೊತ್ತಿಗೆ. ರೊಟ್ಟಿ ಮುಗಿದ ಮೇಲೆ ಮಾತಾಡೋಣವೆಂದರೆ ಅಷ್ಟರಲ್ಲಿ ನನ್ನ ಬಿಡುವು ಮುಗಿದಿರುತ್ತದೆ. ಹಾಗಾಗಿ ಅವ್ವ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಕೈಗೆ ಹಿಟ್ಟು ಮೆತ್ತಿಕೊಂಡೇ ಮಾತಾಡುತ್ತಾಳೆ. ಡಬ್ಬಿಗೆ ಒರಗಿದ ಫೋನು ಊಟ ಮುಗಿಸಿ ಗೋಡೆಗೆ ಒರಗಿದ ಹಿರಿಯರ ಹಾಗೆ ಮೇಲೆ ನೋಡುತ್ತ ಕೂರುತ್ತದೆ. ಸ್ವಲ್ಪ ಮುಂದಕ್ಕೆ ಬಾಗಿಸು, ಮುಖ ಕಾಣುವುದಿಲ್ಲ ಎಂದು ಮೊದಮೊದಲು ಹೇಳಿ ನೋಡಿದೆ. ನನ್ನ ಮುಖ ನಿನಗೆ ಗೊತ್ತಿಲ್ಲೇನು ಎಂದು ಕೇಳಿದಳು. ನನ್ನ ಮುಖವನ್ನೂ ಅವಳು ಹೆಚ್ಚು ನೋಡುವುದಿಲ್ಲ. ನಾನು ಉಣ್ಣುವುದನ್ನು ಕೇಳಿಸಿಕೊಳ್ಳುತ್ತಾಳೆ, ಅಷ್ಟೇ. ಮೊದಲ ತುತ್ತಿಗೇ ಬಿಕ್ಕಳಿಕೆ ಬರುವ ಹುಟ್ಟುಗುಣ ನನ್ನದು. ಅದು ಬಂದ ಕೂಡಲೇ ಒಂಬತ್ತು ಸಾವಿರ ಕಿಲೋಮೀಟರೋ ಎಷ್ಟೋ ದೂರದಿಂದ, ರೊಟ್ಟಿ ತಿರುವುತ್ತಲೇ, ನೀರು ಕುಡಿ ಎನ್ನುತ್ತಾಳೆ. ಕುಡಿಯುತ್ತೇನೆ.

ನಾನಿರುವುದು ಆಸ್ಟ್ರೇಲಿಯಾದಲ್ಲಿ, ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ಒಂದು ಸಣ್ಣ ಊರಿನಲ್ಲಿ. ಕಾಳುಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ವಿಮಾನ ಇಳಿದು ಬಸ್ಸಿನಲ್ಲಿ ಬರುವಾಗ ಕಿಟಕಿಯ ಹೊರಗೆ ಮೈಲುಗಟ್ಟಲೆ ಎರೆಭೂಮಿ ಕಂಡು, ಇಷ್ಟು ಖರ್ಚು ಮಾಡಿ ನರಗುಂದದ ರಸ್ತೆಗೇ ಬಂದೆನೇ ಎಂದು ಗಾಬರಿಯಾಗಿತ್ತು. ನೆಲ ಮಾತ್ರವಲ್ಲ, ಬೆಳೆಯೂ ಅದೇ. ಕಣ್ಣು ಹಾಯುವ ತನಕ ಜೋಳ. ವ್ಯತ್ಯಾಸವೆಂದರೆ ಇಲ್ಲಿ ಅದನ್ನು ಬೆಳೆಯುವುದು ದನಗಳಿಗೆ. ಅಪ್ಪನಿಗೆ ಇದನ್ನು ಹೇಳಿದಾಗ ಆತ, ಹಾಗಾದರೆ ಮಂದಿ ಏನು ತಿನ್ನುತ್ತಾರೆ ಎಂದು ಕೇಳಿದ. ದನ ತಿನ್ನುತ್ತಾರೆ ಎಂದೆ. ಒಟ್ಟಿನಲ್ಲಿ ಜೋಳವನ್ನೇ ತಿಂದಂತಾಯಿತಲ್ಲ, ಸುತ್ತು ಬಳಸಿ, ಎಂದ. ನಮ್ಮ ಮನೆಯಲ್ಲಿ ಮಾಂಸದ ಹೆಸರೆತ್ತುವುದಿಲ್ಲವಾದರೂ, ನನ್ನ ಮನಸ್ಸಿಗೆ ನೋವಾಗದಿರಲೆಂದು ಅಪ್ಪ ಒಂದು ದೇಶವನ್ನೇ ಹೀಗೆ ಕ್ಷಮಿಸಿಬಿಟ್ಟ.

ಇನ್ನು ನನ್ನ ಸ್ವಭಾವ. ನನಗೆ ಮಾತು ಕಡಿಮೆ. ನನ್ನ ವಿಷಯ ನನ್ನಲ್ಲೇ ಇದ್ದರೆ ಒಳ್ಳೆಯದೆಂದು ತಿಳಿದವಳು. ಡಬ್ಬಿಗೆ ಒರಗಿದ ಫೋನು ಮಾತ್ರ ಸದಾ ದೊಡ್ಡ ದನಿಯಲ್ಲೇ ಇರುತ್ತದೆ. ಒಮ್ಮೆ ಅವ್ವನಿಗೆ, ಬೇರೆ ಯಾರಿಗೂ ಹೇಳಬೇಡವೆಂದು, ಕೂದಲು ಉದುರುತ್ತಿರುವ ವಿಷಯ ಹೇಳಿದೆ. ಅವ್ವ ಬಾಯಿ ತೆರೆಯುವ ಮೊದಲೇ ಎದುರುಮನೆಯ ಶಾಂತಕ್ಕನ ದನಿ ಕೇಳಿಸಿತು, ಮೆಂತ್ಯ ನೆನೆಹಾಕಿ ಅರೆದು ಹಚ್ಚಿಕೊಳ್ಳಬೇಕಂತೆ. ಆಕೆ ಮೊಸರು ಕೇಳಲು ಬಂದು ಅಲ್ಲೇ ಕುಳಿತಿದ್ದಳು. ಅಂದಿನಿಂದ ನಾನು ಎಲ್ಲ ಪ್ರಶ್ನೆಗೂ 'ಆರಾಮ' ಎಂದು ಉತ್ತರಿಸುವುದನ್ನು ರೂಢಿಸಿಕೊಂಡೆ. ಹ್ಯಾಂಗಿದ್ದಿ? ಆರಾಮ. ಕೆಲಸ? ಆರಾಮ. ಅವರೂ ಹಾಗೆಯೇ. ಅಪ್ಪ ಆರಾಮ, ಚಿಗವ್ವ ಆರಾಮ, ಎಮ್ಮೆ ಆರಾಮ. ಎರಡು ದೇಶಗಳಲ್ಲಿ ಒಂದು ಕುಟುಂಬ ಇಷ್ಟೊಂದು ಆರಾಮವಾಗಿರುವುದು ಸಾಧ್ಯವೇ ಎಂಬ ಸಂಶಯ, ಕಾಳು ಪರೀಕ್ಷಿಸುವ ನನಗೆ, ಬಹಳ ಮೊದಲೇ ಬರಬೇಕಿತ್ತು.

ಮುಖ ಕಾಣದಿದ್ದರೆ ಕಿವಿ ಚುರುಕಾಗುತ್ತದೆ. ಜೋಳದ ರೊಟ್ಟಿ ಮಾಡುವುದನ್ನು ಕೇಳಿದವರಿಗೆ ಗೊತ್ತು, ಅದಕ್ಕೊಂದು ಕ್ರಮವಿದೆ. ಅಂಗೈಯಲ್ಲಿ ತಟಪಟ ಬಡಿಯುವುದು, ನಡುವೆ ರೊಟ್ಟಿಯನ್ನು ತಿರುಗಿಸಲು ಒಂದು ಕ್ಷಣದ ತಡೆ, ಮತ್ತೆ ಬಡಿತ. ಆಮೇಲೆ ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಿದಾಗ ಚುಂಯ್ ಎನ್ನುವ ಸದ್ದು. ಅವ್ವ ಮಾತಾಡುವುದು ಈ ಸದ್ದುಗಳ ಸಂದಿಯಲ್ಲಿ. ಆದ್ದರಿಂದ ಅವಳ ಯಾವ ಮಾತೂ ನನಗೆ ಇಡಿಯಾಗಿ ಸಿಕ್ಕಿದ್ದಿಲ್ಲ. "ಶಾಂತಕ್ಕನ ಮಗಳಿಗೆ..." ಎಂದು ಶುರುವಾದದ್ದು, ರೊಟ್ಟಿ ಒಂದು ಸುತ್ತು ತಿರುಗಿ, "...ಗಂಡು ಗೊತ್ತಾತು" ಎಂದು ಮುಗಿಯುತ್ತದೆ. ಗಜೇಂದ್ರಗಡದ ತವರಿನಿಂದ ತಂದ ಬಡಿತ ಅದು, ನಿಧಾನ, ಗಟ್ಟಿ. ನಮ್ಮ ಚಿಗವ್ವ, ಎಂದರೆ ಚಿಕ್ಕಪ್ಪನ ಹೆಂಡತಿ, ಹೊಳೆದಂಡೆಯ ಮೆಣಸಗಿಯವಳು. ಆಕೆಯ ಕೈ ಹೊಳೆ ಬಂದಾಗ ಸಾಮಾನು ಎತ್ತಿಡುವವರ ಕೈಯಂತೆ ಅವಸರದ್ದು. ಆದರೆ ನಮ್ಮ ಮನೆಯಲ್ಲಿ ರೊಟ್ಟಿ ಅವ್ವನದು, ಪಲ್ಯ ಚಿಗವ್ವನದು. ಈ ಗಡಿಯನ್ನು ಹಬ್ಬದ ದಿನವೂ ಯಾರೂ ದಾಟಿದ್ದಿಲ್ಲ.

ಈ ವರ್ಷ ನನ್ನ ಕೆಲಸದ ಕರಾರು ಮುಗಿಯಲು ಬಂದು, ಮುಂದುವರಿಸುತ್ತಾರೋ ಇಲ್ಲವೋ ಎಂಬ ತೂಗುಯ್ಯಾಲೆಯಲ್ಲಿ ಕೆಲವು ವಾರ ಕಳೆದವು. ಅದೊಂದನ್ನು ಮಾತ್ರ ಮನೆಯಲ್ಲಿ ಹೇಳಿದ್ದೆ. ಇಟಗಿ ಭೀಮವ್ವಗ ಬೇಡಿಕೊಳ್ತೀನಿ ಎಂದಳು ಅವ್ವ. ಕರಾರು ಮುಂದುವರಿಯಿತು. ಹರಕೆ ತೀರಿಸಲು ಹೋಗಿಬರುತ್ತೇವೆ ಎಂದರು, ಹೋಗಿಯೂ ಬಂದರು. ದರ್ಶನ ಆರಾಮ, ಪ್ರಸಾದ ಆರಾಮ.

ಅದಾದ ಮರುದಿನದಿಂದ ಏನೋ ಸರಿಯಿರಲಿಲ್ಲ. ಮೊದಲು ನನಗೆ ತೋರಿದ್ದು ಸಂತೋಷದ ಬದಲಾವಣೆಯಾಗಿ. ಅವ್ವನ ಮಾತು ತುಂಡಾಗುತ್ತಿರಲಿಲ್ಲ. ಶಾಂತಕ್ಕನ ಮಗಳ ಮದುವೆಯ ಸುದ್ದಿಯನ್ನು ಸೀರೆಯ ಅಂಚಿನ ಬಣ್ಣದವರೆಗೆ ಒಂದೇ ಉಸಿರಿನಲ್ಲಿ ಹೇಳಿದಳು. ನನ್ನ ಮೇಲಧಿಕಾರಿಯ ಹೆಸರು ಕೇಳಿದಳು, ಇಲ್ಲಿನ ಚಳಿಯನ್ನು ವಿಚಾರಿಸಿದಳು. ಹಿಂದೆ ರೊಟ್ಟಿಯ ಬಡಿತ ನಡೆದೇ ಇತ್ತು. ಮೂರನೆಯ ದಿನ ನನಗೆ ಹೊಳೆಯಿತು, ಬಡಿತ ನಡೆದೇ ಇದೆ; ಚುಂಯ್ ಎನ್ನುವ ಸದ್ದು ಒಮ್ಮೆಯೂ ಬಂದಿಲ್ಲ. ಬೇರೊಬ್ಬರ ಕೈ ಅದು, ಅವಸರದ್ದು. ಮುಖ ತೋರಿಸು ಎಂದರೆ ಮುಖಕ್ಕೆ ಹಿಟ್ಟು ಹತ್ತಿದೆ ಎನ್ನುತ್ತಾಳೆ. ಚಿಗವ್ವ ಎಲ್ಲಿ ಎಂದರೆ ಹೊಲಕ್ಕೆ ಹೋಗಿದ್ದಾಳೆ ಎನ್ನುತ್ತಾಳೆ. ಹೊಲಕ್ಕೆ ಹೋದವಳ ಕೈ ಇಲ್ಲಿ ಬಡಿಯುತ್ತಿದೆ.

ನೇರವಾಗಿ ಕೇಳುವುದು ನನಗೆ ಬರುವುದಿಲ್ಲ. ಆ ದಿನ ಫೋನು ಇಟ್ಟು ಕೆಲಸಕ್ಕೆ ಹೋಗಿ, ಒಂದೇ ಮಾದರಿಯ ಕಾಳಿನ ತೇವವನ್ನು ಎರಡು ಸಲ ಅಳೆದೆ, ಎರಡು ಸಲವೂ ಬೇರೆ ಬೇರೆ ಬಂತು. ಅವ್ವನಿಗೆ ಏನಾಗಿದೆ? ಎಲ್ಲಿ ಏನಾಗಿದ್ದರೆ ಮುಖ ತೋರಿಸದೆ ಮಾತು ಮಾತ್ರ ಚೆನ್ನಾಗಿ ಬರುತ್ತದೆ? ನನ್ನ ಓದೆಲ್ಲ ಅಂದು ಇದೊಂದು ಲೆಕ್ಕಕ್ಕೆ ಉಪಯೋಗವಾಯಿತು, ಉತ್ತರ ಮಾತ್ರ ಸಿಗಲಿಲ್ಲ. ಭಯಕ್ಕಿಂತ ಹೆಚ್ಚಾಗಿ ಇನ್ನೊಂದು ವಿಚಾರ ಚುಚ್ಚುತ್ತಿತ್ತು. ನಮ್ಮ ಮನೆಯಲ್ಲಿ ದೂರದ ಬೀಗರು ಬಂದರೆ ಒಡೆದ ಕಪ್ಪುಗಳನ್ನು ಒಳಗಿಟ್ಟು ಒಳ್ಳೆಯ ಕಪ್ಪುಗಳನ್ನು ಹೊರತೆಗೆಯುತ್ತಾರೆ. ಬೀಗರ ಮುಂದೆ ಯಾರಿಗೂ ಜ್ವರ ಬರುವುದಿಲ್ಲ, ಯಾರೂ ಜಗಳಾಡುವುದಿಲ್ಲ. ನನಗೂ ಈಗ ಒಳ್ಳೆಯ ಕಪ್ಪಿನಲ್ಲೇ ಚಹ ಕೊಡುತ್ತಿದ್ದಾರೆ ಎಂದಾಯಿತು.

ಮರುದಿನ ಫೋನು ಮಾಡಿದೆ. ಜಂತಿ, ಬೆಳಕಿಂಡಿ, ಗುಬ್ಬಿ. ಅವ್ವ ಹವಾಮಾನದ ಬಗ್ಗೆ ನಿರರ್ಗಳವಾಗಿ ಮಾತಾಡುತ್ತಿದ್ದಳು. ಹಿಂದೆ ತಟಪಟ, ತಟಪಟ. ನಾನು ಕೇಳಿದೆ, ಕೇಳಿದೆ, ಕೊನೆಗೆ ಹೇಳಿದೆ:

"ಚಿಗವ್ವಾ, ಆ ರೊಟ್ಟಿ ಇನ್ನ ಹಂಚಿಗೆ ಹಾಕು. ಇಷ್ಟೊತ್ತು ಬಡಿದ್ರ ನಮ್ಮ ಅಂಗಳದಷ್ಟು ಅಗಲ ಆಗಿರಬೇಕು."

ಬಡಿತ ನಿಂತಿತು. ಬೆಳಕಿಂಡಿಯ ಗುಬ್ಬಿಯೂ ಹಾರಿತು. ಆಮೇಲೆ ಚಿಗವ್ವನ ದನಿ, ತಪ್ಪಿಸಿಕೊಂಡ ಸಮಾಧಾನದಲ್ಲಿ: "ನಾ ಹೇಳಿದ್ನಲ್ಲಕ್ಕಾ, ಈಕಿ ಕಿವಿ ಭಾಳ ಚುರುಕ ಅದಾವು ಅಂತ. ನಂದರ ಬಡದು ಬಡದು ರಟ್ಟಿ ಸತ್ತು ಹೋದ್ವು."

ಫೋನು ಡಬ್ಬಿಯಿಂದ ಎದ್ದಿತು. ಎಷ್ಟೋ ತಿಂಗಳ ಮೇಲೆ ಅವ್ವನ ಮುಖ ಕಂಡೆ. ಮುಖ ನೆಟ್ಟಗೇ ಇತ್ತು. ಬಲಗೈ ಮಾತ್ರ ಮೊಣಕೈವರೆಗೆ ಬೆಳ್ಳಗೆ ಪಟ್ಟಿ ಸುತ್ತಿಕೊಂಡು ಕುತ್ತಿಗೆಯಿಂದ ಜೋತುಬಿದ್ದಿತ್ತು. ಇಟಗಿಗೆ ಹೋಗಿ, ಆ ಗದ್ದಲದಲ್ಲಿ ದರ್ಶನ ಮಾಡಿ, ಟಂಟಂ ಆಟೋದಲ್ಲಿ ಇಕ್ಕಟ್ಟಾಗಿ ಕುಳಿತು ಊರಿಗೆ ಬಂದು, ನಮ್ಮದೇ ಹೊಸ್ತಿಲಲ್ಲಿ ಕಾಲು ತೊಡರಿ ಬಿದ್ದಿದ್ದಳು. ನನ್ನ ಹರಕೆಗೆ ಹೋಗಿ ಬಿದ್ದದ್ದೆಂದು ನನಗೆ ತಿಳಿದರೆ ಕೊರಗುತ್ತೇನೆ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದರಂತೆ. ಆದರೆ ರೊಟ್ಟಿಯ ಸದ್ದಿಲ್ಲದಿದ್ದರೆ ನನಗೆ ಅನುಮಾನ ಬರುತ್ತದಲ್ಲ. ಚಿಗವ್ವ ಬೆಳಕು ಹರಿಯುವ ಮೊದಲೇ ನಿಜವಾದ ರೊಟ್ಟಿಗಳನ್ನೆಲ್ಲ ಮಾಡಿ ಮುಗಿಸಿ, ನಾನು ಫೋನು ಮಾಡುವ ಹೊತ್ತಿಗೆ ಒಂದು ಹಿಟ್ಟಿನ ಉಂಡೆ ಹಿಡಿದು ಕೂರುತ್ತಿದ್ದಳು. ಮಾತು ಮುಗಿಯುವವರೆಗೆ ಅದನ್ನೇ ಬಡಿಯುವುದು, ಹರಿದರೆ ಮತ್ತೆ ಉಂಡೆ ಕಟ್ಟಿ ಬಡಿಯುವುದು. ಕೊನೆಗೆ ಅದು ಎಮ್ಮೆಗೆ. ಹೀಗೆ ನನ್ನ ದೆಸೆಯಿಂದ ನಮ್ಮ ಎಮ್ಮೆಯೂ ಆಸ್ಟ್ರೇಲಿಯಾದ ದನಗಳ ಹಾಗೆ ಜೋಳ ತಿನ್ನುತ್ತಿತ್ತು.

ಹೇಳಬೇಕಿತ್ತು ಎಂದೆ.

"ಹೇಳಿದ್ರ ಏನ್ ಮಾಡ್ತಿದ್ದಿ?" ಎಂದಳು ಅವ್ವ. "ಅಲ್ಲಿ ಕುಂತು ಅಳ್ತಿದ್ದಿ. ಅಳಾಕ ಅಷ್ಟ ದೂರ ಯಾಕ ಹೋಗಬೇಕಿತ್ತು?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಬಂದು ಗಂಜಿ ಕುಡಿಸುವಂತಿರಲಿಲ್ಲ, ಜಡೆ ಹಾಕುವಂತಿರಲಿಲ್ಲ. ತಿಳಿದು ಆಗುವ ಪ್ರಯೋಜನ ಏನೂ ಇರಲಿಲ್ಲ. ಊಟದ ಕೋಣೆಯಲ್ಲಿ ಸಹೋದ್ಯೋಗಿಗಳು ತಮ್ಮ ಬ್ರೆಡ್ಡಿನ ಕಡೆಗೆ ಮುಖ ಮಾಡಿ ಕುಳಿತಿದ್ದರು. ಅವರಿಗೆ ನನ್ನ ಭಾಷೆ ಬಾರದಿದ್ದುದೊಂದೇ ನನ್ನ ಅಂದಿನ ಧೈರ್ಯ. ಆ ಕಡೆ ಶಾಂತಕ್ಕ ಇರಬಹುದೇ ಎಂದು ಕೂಡ ನಾನು ಯೋಚಿಸಲಿಲ್ಲ.

"ಅವ್ವಾ, ಹೊಲದಾಗ ನಾ ಪಾಲು ಕೇಳಂಗಿಲ್ಲ," ಎಂದೆ. "ಮನಿ ಕಷ್ಟ ತ್ರಾಸಿನಾಗ ನನ್ನ ಪಾಲು ನನಗ ಕೊಡ್ರಿ. ಅದನ್ನೂ ಕೊಡಲಿಲ್ಲಂದ್ರ ನಾ ನಿಮ್ಮ ಮನಿಯಾಕಿ ಹ್ಯಾಂಗ ಆದೆ?"

ಅವ್ವ ಎಡಗೈಯಿಂದ ಸೆರಗು ಸರಿಪಡಿಸಿಕೊಂಡಳು. ಅಷ್ಟರಲ್ಲಿ ಪಡಸಾಲೆಯಿಂದ, ಇಷ್ಟು ಹೊತ್ತು ಪೇಪರಿನ ಹಿಂದೆ ಅಡಗಿದ್ದ ಅಪ್ಪನ ದನಿ ಬಂತು: "ಹೊಲದ ಪಾಲಾ ಹಗುರ ಇತ್ತು. ಕೊಡ್ರಿ, ಕೇಳಿದ್ದನ್ನ ಕೊಡ್ರಿ ಆಕಿಗೆ."

ಕೊಟ್ಟರು. ನಮ್ಮ ಮಂದಿ ಪಾಲು ಮಾಡಲು ಕುಳಿತರೆ ಸೌಟು, ಒನಕೆಯನ್ನೂ ಬಿಡುವುದಿಲ್ಲ. ಅಂದಿನಿಂದ ನನಗೆ ಬರುತ್ತಿರುವ ಪಾಲನ್ನು ವರ್ಣಿಸಲಾರೆ. ಅವ್ವನ ಕೈಯ ತುರಿಕೆ, ಅಪ್ಪನ ಹೊಟ್ಟೆಯ ವಾಯು, ಎಮ್ಮೆಯ ಅಜೀರ್ಣ (ಅದರ ಕಾರಣ ಗೊತ್ತೇ ಇದೆ), ನಲ್ಲಿಯಲ್ಲಿ ನೀರು ಬಾರದ ದಿನಗಳು, ಚಿಕ್ಕಪ್ಪನೂ ಚಿಗವ್ವನೂ ಮಾತು ಬಿಟ್ಟ ವಿವರ ಇಬ್ಬರ ಕಡೆಯಿಂದಲೂ ಬೇರೆ ಬೇರೆಯಾಗಿ. ಶಾಂತಕ್ಕ ತನ್ನ ಮೈದುನನ ಮೂಲವ್ಯಾಧಿಯನ್ನೂ ಸೇರಿಸಿದಳು. ಆಕೆಗೆ ಅದನ್ನು ಹೇಳಲು ಯಾವ ಹಕ್ಕಿದೆ ಎಂದು ನಾನು ಕೇಳಲಿಲ್ಲ. ಇದೆಲ್ಲವೂ ನಾನು ಉಣ್ಣುವ ಹೊತ್ತಿಗೇ. ಹಿಂದಿನ ಆರಾಮದ ದಿನಗಳು ಆಗಾಗ ನೆನಪಾಗುತ್ತವೆ, ಆದರೆ ಬಾಯಿಬಿಟ್ಟು ಹೇಳುವಂತಿಲ್ಲ. ಕೇಳಿ ಪಡೆದ ಪಾಲು.

ಅವ್ವನ ಕೈಯ ಪಟ್ಟಿ ಬಿಚ್ಚಿದರು. ಫೋನು ತಿರುಗಿ ಡಬ್ಬಿಗೆ ಒರಗಿತು, ಜಂತಿಗಳು ತಿರುಗಿ ಬಂದವು, ಅವಳ ಮಾತು ಮತ್ತೆ ತುಂಡುತುಂಡಾಯಿತು. ಚುಂಯ್ ಎನ್ನುವುದು ಕೇಳಿಸಿದ ಮೊದಲ ದಿನ ನಾನು ಸ್ವಲ್ಪ ಹೆಚ್ಚೇ ಉಂಡೆ.

ಹೋದ ವಾರ ನನಗೆ ಜ್ವರ ಬಂತು. ದೊಡ್ಡದೇನಲ್ಲ, ಆದರೆ ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ, ಬಾಯಿಗೆ ಏನೂ ಸೇರಲಿಲ್ಲ. ಹೇಳಿದರೆ ಅವ್ವ ಏನು ಮಾಡಿಯಾಳು? ಅಲ್ಲಿ ಕುಳಿತು ಕೊರಗುತ್ತಾಳೆ. ಅದೂ ಈಗಷ್ಟೇ ಕೈ ನೆಟ್ಟಗಾದವಳು, ಮತ್ತೆ ಇಟಗಿಗೆ ಹೊರಟರೆ? ಇದೆಲ್ಲ ಯೋಚಿಸಿ, ಊಟದ ಹೊತ್ತಿಗೆ ಫೋನನ್ನು ದಿಂಬಿಗೆ ಒರಗಿಸಿ ನನ್ನ ಕೋಣೆಯ ಬಿಳಿ ಮಾಳಿಗೆ ಕಾಣುವಂತೆ ಮಾಡಿದೆ. ಹೊಟ್ಟೆಯ ಮೇಲೆ ಖಾಲಿ ಊಟದ ಡಬ್ಬಿ ಇಟ್ಟುಕೊಂಡು, ಮಾತಿನ ನಡುನಡುವೆ ಚಮಚದಿಂದ ತಟ್ಟುತ್ತ ಹೋದೆ. ಕೆಲಸ ಆರಾಮ, ಚಳಿ ಕಡಿಮೆಯಾಗಿದೆ, ಇವತ್ತು ಅನ್ನ ಸಾರು. ದನಿಯನ್ನೂ ಸಾಕಷ್ಟು ಗಟ್ಟಿಯಾಗಿ ಇಟ್ಟುಕೊಂಡಿದ್ದೆ. ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು, ಸಣ್ಣ ವಿವರಗಳನ್ನು ಬಿಡುವವಳಲ್ಲ ಎಂಬ ಹೆಮ್ಮೆ ಜ್ವರದಲ್ಲೂ ಇತ್ತು.

ಆ ಕಡೆ ಬಡಿತ ನಡೆದಿತ್ತು. ರೊಟ್ಟಿ ಒಂದು ಸುತ್ತು ತಿರುಗಿತು.

"ಇವತ್ತ ಬಿಕ್ಕಳಿಕಿ ಬರಲಿಲ್ಲಲ್ಲ..." ಎಂದಳು ಅವ್ವ. ಮತ್ತೊಂದು ಸುತ್ತು. "...ಆ ಚಮಚಾ ಇನ್ನ ತೆಳಗಿಡು. ಖಾಲಿ ಡಬ್ಬಿ ಎಷ್ಟೊತ್ತು ಉಣ್ತಿ?"

ಚಮಚ ಕೆಳಗಿಟ್ಟೆ. ನಾನು ಬಾಯಿ ತೆರೆಯುವ ಮೊದಲೇ, ಜ್ವರಕ್ಕೆ ಮೆಣಸಿನ ಕಷಾಯ ಒಳ್ಳೆಯದೆಂದು ಶಾಂತಕ್ಕ ಹೇಳಿದಳು.