ಮಾವಾರ ವಸ್ತರಾಕ್ಕ ನಾ ಹಚ್ಚಿದ ಧಾರ

"ನಾಳೆ ದಾನೋಳಿಗೆ ಹೋಗೂದ್ರಾಗ ಮಾವಾರ ಗಡ್ಡಾ ನಾನ ತಗೀತೇನಿ. ಅದೂ ಅವರ ವಸ್ತರಾದಿಂದನ, ಆ ಮಡಚೂ ಕ್ಷೌರದ ಕತ್ತಿಯಿಂದನ! ಇಲ್ಲಂದ್ರ ನನ್ನ ಹೆಸರು ಬಾಳಗೊಂಡ ಅಲ್ಲ!"

ಚಹಾದ ಕಪ್ಪು ಠಪ್ ಅಂತ ಇಟ್ಟು ನಾ ಹಿಂಗ ಘೋಷಣಾ ಮಾಡಿದಾಗ, ನನ್ನ ಹೆಂಡ್ತಿ ಜಿನಮತಿ ಉಪ್ಪಿಟ್ಟು ತಿರುವೂದು ಬಿಟ್ಟು ನನ್ನ ಮಾರಿ ನೋಡಿದ್ಳು.

"ಹೋದ ತಿಂಗಳ ಮಿಕ್ಸರ್ ರಿಪೇರಿ ಮಾಡಿದ್ರಲ್ಲ, ಹಂಗೇನ್ರಿ?"

"ಏ, ಇಪ್ಪತ್ನಾಕು ಮಗ್ಗ ಬಿಚ್ಚಿ ಜೋಡಿಸಿದ ಕೈ ಇದು! ಇಚಲಕರಂಜಿಗೆಲ್ಲಾ ಗೊತ್ತೈತಿ!"

"ಮಗ್ಗ ಕೆಟ್ರ ಅಭಿಜಿತ ಮೆಕ್ಯಾನಿಕ್ ಬರತಾನ. ಅವಗ ಚಹಾ ಮಾಡಿ ಕೊಡಾಕಿ ನಾನು."

ಹೆಂಡ್ತಿಗೆ ಇಷ್ಟು ನೆನಪಿನ ಶಕ್ತಿ ಇರಬಾರದು ನೋಡ್ರಿ.

ಆದ್ರ ವಿಷಯ ಹಗುರ ಇರಲಿಲ್ಲ. ಮಗಳು ನೂತನಂದು ನಾಳೆ ದಾನೋಳಿಯೊಳಗ ಸಾಖರಪುಡಾ, ಉಂಗುರಾ ಹಾಕೂ ಕಾರ್ಯ. ಜಿನಮತಿ ಅಪ್ಪ, ಅಂದ್ರ ನಮ್ಮ ಮಾವಾರು, ಗಡಹಿಂಗ್ಲಜದಿಂದ ನಮ್ಮ ಮನಿಗೆ ಬಂದು ಮೂರು ವಾರ ಆಗಿತ್ತು. ಕಣ್ಣು ಮಂಜ. ಅಲ್ಲೆ ನಲವತ್ತು ವರ್ಷ ಪ್ರತಿ ರವಿವಾರ ಕೇದಾರಿ ಅನ್ನಾಂವ ಮನಿಗೇ ಬಂದು ಅವರ ಗಡ್ಡಾ ಮಾಡಿದ್ದ. ಮಾವಾರು ಇಲ್ಲಿಗೆ ಹೊಂಡೂ ಹೊತ್ತಿನ್ಯಾಗ, "ನನ್ನ ಕೈ ನಡಗಾಕತ್ತಾವ್ರಿ ಪಾಟೀಲ್ರ, ಇದು ನಿಮ್ಮ ಕಡೆನ ಇರಲಿ" ಅಂತ ತನ್ನ ಮಡಚೂ ವಸ್ತರಾ ಅವರ ಕೈಯಾಗ ಇಟ್ಟು ಅತ್ತಿದ್ನಂತ. ಅವತ್ತಿನಿಂದ ಮಾವಾರದು ಒಂದ ಹಟ: ಸಲೂನಿನ ಬ್ಲೇಡು ನನ್ನ ಗಲ್ಲಕ್ಕ ಮುಟ್ಟಬಾರದು!

ಮೂರು ವಾರದ ಗಡ್ಡ. "ಇಂಥಾ ಮಾರಿ ತಗೊಂಡು ಬೀಗರ ಮುಂದ ಕುಂಡ್ರಾಂವಲ್ಲ ನಾ. ನೀವು ಹೋಗಿ ಬರ್ರಿ" ಅಂದ್ರು. "ಅಜ್ಜ ಬರದ ನಾ ಉಂಗುರಾ ಹಾಕ್ಕೊಳ್ಳಾಕಿ ಅಲ್ಲ" ಅಂದ್ಳು ನೂತನ. ಇಬ್ಬರದೂ ಒಂದ ರಕ್ತ. ನಡಕ ಸಿಕ್ಕಾಂವ ನಾನು!

ವಸ್ತರಾ ತಗದು ನೋಡಿದ್ರ ಭಾಳ ಮೊಂಡ ಆಗಿತ್ತು. ಧಾರ ಬರಬೇಕಂದ್ರ ಪಟ್ಟಿಗೆ ತಿಕ್ಕಬೇಕು. ಪಟ್ಟಿ ಅಂದ್ರ ಚರ್ಮದ್ದು. ನಮ್ಮದು ಜೈನರ ಮನಿ. ನನ್ನ ಸೊಂಟದ ಬೆಲ್ಟ್ ಸೈತ ರೆಗ್ಝಿನಿಂದು.

"ಚರ್ಮ ಹೊಸ್ತಲಾ ದಾಟಿ ಒಳಗ ಬಂದ್ರ, ನಾ ಹೊಸ್ತಲಾ ದಾಟಿ ಹೊರಗ ಹೋಗತೇನಿ!" ಅಂದ್ಳು ಜಿನಮತಿ.

ಮೊಬೈಲಿನ್ಯಾಗ ಹುಡುಕಿದ್ನಿ. ಯಾರೋ ಪುಣ್ಯಾತ್ಮ, "ದಪ್ಪನ ಅರಿವಿ ಇದ್ರೂ ನಡೀತೈತಿ" ಅಂತ ತಿಕ್ಕಿ ತೋರಸಾಕತ್ತಿದ್ದ. ಅರಿವಿ! ಇಚಲಕರಂಜಿಯಾಂವಗ ಅರಿವಿ ಬರ ಐತೇನ್ರಿ? ವಿಡಿಯೋ ಅರ್ಧಕ್ಕ ಬಂದ್ ಮಾಡಿ ಎದ್ದೆ. ಅಲ್ಲೇ ಕೆಟ್ಟಿದ್ದು.

ನನ್ನ ಮಗ್ಗದ ಪಾಪ್ಲೀನ್ ನಾಕು ಮಡಿಕಿ ಮಾಡಿ ತಿಕ್ಕಿದ್ನಿ. ಜಾರಿ ಜಾರಿ ಹೋತು. ಅಷ್ಟರಾಗ ಬಿಸಲಿಗೆ ಹಾಕಿದ್ದ ಕೌದಿ ಕಣ್ಣಿಗೆ ಬಿತ್ತು. ಏಳು ಪದರ! ಬಿಗಿ ಹೊಲಿಗಿ! ಇದಕ್ಕಿಂತ ಪಟ್ಟಿ ಬೇಕ? ಒಂದು ತುದಿ ಕಿಡಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿ ಎಡಗೈಯಾಗ ಹಿಡದು, ಮಹಾಯುದ್ಧಕ್ಕ ಹೊಂಟಾಂವನಂಗ ವಸ್ತರಾ ಬಿಚ್ಚಿದ್ನಿ.

ಪಟ್ಟಿಗೆ ತಿಕ್ಕೂವಾಗ ವಸ್ತರಾದ ಬೆನ್ನು ಮುಂದ ಹೋಗಬೇಕು, ಧಾರ ಇದ್ದ ಬಾಯಿ ಹಿಂದ ಬರಬೇಕು. ಇದು ವಿಡಿಯೋದ ಉಳದ ಅರ್ಧದಾಗ ಇತ್ತಂತ! ನಾ ಬಾಯಿ ಮುಂದ ಮಾಡಿ ಜೋರಲೆ ನೂಕಿದ್ನಿ.

ಸರ್ರ್ರ್! ಖಣ್!

ಸರ್ರ್ ಅಂದದ್ದು ಕೌದಿ. ಖಣ್ ಅಂದದ್ದು ಕಿಡಕಿ ಸರಳು. ಗಡ್ಡಕ್ಕ ಮೊಂಡಾದ ವಸ್ತರಾ ಕೌದಿಗೆ ಮಾತ್ರ ಗೇಣುದ್ದ ಬಾಯಿ ತಗದಿತ್ತು!

ಓಡಿ ಬಂದ ನೂತನ, "ಅಯ್ಯೋ ಪಪ್ಪಾ, ಹೇ ಕಾಯ ಕೇಲಂತ! ಇದೇನ ಮಾಡಿದ್ರಿ!" ಅಂತ ಮರಾಠಿ, ಕನ್ನಡ ಎರಡರಾಗೂ ಚೀರಿದ್ಳು. ಹಿಂದ ಜಿನಮತಿ ಬಂದ್ಳು. ಬೈತಾಳ ಅಂತ ನಾ ತಲಿ ತಗ್ಗಿಸಿ ನಿಂತೆ. ಬೈಲಿಲ್ಲ. ಕೌದಿ ಹರದಿದ್ದನ್ನ ಎರಡೂ ಕೈಲೆ ಕೂಡಿಸಿ ಹಿಡಕೊಂಡು ನೆಲಕ್ಕ ಕುಂತ್ಳು.

"ಅವ್ವ ಹೊಲದದ್ದು ಇದ ಒಂದ ಉಳದಿತ್ರಿ. ಇದಿಲ್ಲಂದ್ರ ಅಪ್ಪಗ ನಿದ್ದಿ ಬರೂದಿಲ್ಲ."

ಅತ್ತಿಯವರು ತೀರಿಕೊಂಡು ಐದು ವರ್ಷ. ಅದು ಅವರ ಕೈಯಿಂದು ಅಂತ ನಾ ವಿಚಾರನ ಮಾಡಿರಲಿಲ್ಲ. ಅವತ್ತು ನನಗ ನನ್ನ ಮ್ಯಾಲೆ ಬಂದ ಸಿಟ್ಟು, ಆದ ನಾಚಿಕಿ, ಯಾವತ್ತೂ ಆಗಿರಲಿಲ್ರಿ.

"ಏನಾತವ್ವಾ?" ಅಂತ ಮಾವಾರು ಗ್ವಾಡಿ ಹಿಡಕೊಂಡು ಬಂದ್ರು.

"ನಾ ಕೌದಿ ಕೊಯ್ದೆ ಮಾವಾರ. ತಪ್ಪಾತು" ಅಂದೆ.

ಮಾವಾರು ಕುಂತು, ಹರದಲ್ಲೆ ಬೆರಳು ಹಾಕಿ ಮೆಲ್ಲಕ ತಡವಿದ್ರು. ಒಳಗಿನ ಪದರ ಸ್ವಲ್ಪ ಹೊರಗ ಎಳದು ಮೂಗಿನ ಹತ್ತರ ಹಿಡದು ನೋಡಿದ್ರು. ಹಳದಿ ಅರಿವಿ. ಮ್ಯಾಲೆ ಕೆಂಪು ಪಟ್ಟಿ.

"ಕಳ್ಳಿ!" ಅಂದ್ರು.

ನಾವು ಮೂವರೂ ಗಾಬರಿ.

"ನನ್ನ ಅಂಗಿ! ಕೊಲ್ಲಾಪುರದಾಗ ಹೊಲಿಸಿದ್ದು! ಇದನ್ನ ಹಾಕ್ಕೊಂಡ್ರ ಬ್ಯಾಂಡಿನಾವರಂಗ ಕಾಣತೀರಿ ಅಂತಿದ್ಲು ನಿಮ್ಮವ್ವ. ಒಂದಿನ ಮಾಯ! ಕೇಳಿದ್ರ, ಬೆಕ್ಕು ಒಯ್ದಿರಬೇಕ್ರಿ ಅಂದ್ಲು. ಇಪ್ಪತ್ತೆರಡು ವರ್ಷ ಬೆಕ್ಕಿನ ಮ್ಯಾಲೆ ಸಂಶೆ ಮಾಡೇನಿ! ದಿನಾ ಇದರ ಮ್ಯಾಲೇ ಮಲಗೇನಿ!"

ಮಾವಾರು ನಗಾಕತ್ತಿದ್ರು. ಮೂರು ವಾರದಾಗ ಮೊದಲನೇ ಸಲ ಹೊಟ್ಟಿ ಹಿಡಕೊಂಡು ನಕ್ರು. ಜಿನಮತಿನೂ ಅಳಕೋತನ ನಕ್ಕಳು. ನಕ್ಕು ನಕ್ಕು ಕಡೀಕ ಮಾವಾರು ಆ ಹಳದಿ ಅರಿವಿಲೇ ಕಣ್ಣು ಒರಸಿಕೊಂಡ್ರು. "ನಿಮ್ಮ ಉಪಕಾರ ಆತ್ರಿ ಅಳಿಯಾರ. ಆಕಿ ಮಾತಾಡಿದಂಗಾತು" ಅಂದ್ರು.

"ನೀರು ಕಾಸ್ರಿ. ಗಡ್ಡಾ ಮಾಡ್ರಿ."

"ಮಾವಾರ, ಇದು ಕೌದಿ ಕೊಯ್ದ ಕೈ…"

"ಇರವಲ್ದ್ಯಾಕ. ಮಾಡ್ರಿ ನೀವು."

ಸಾಬಣಿನ ಬುರುಗು ಹಚ್ಚಿದ್ನಿ. ಜಿನಮತಿ ಹತ್ತಿ ಹಿಡಕೊಂಡು ನಿಂತಳು. ನೂತನ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಶುರು ಮಾಡಿದ್ಳು. ನಾ ಉಸರು ಹಿಡದು, ಹಸುಗೂಸಿನ ಗಲ್ಲ ಸವರಿದಂಗ ವಸ್ತರಾ ಆಡಿಸಿದ್ನಿ. ಎಡಗಲ್ಲ ಆತು, ಬಲಗಲ್ಲ ಆತು, ಗದ್ದ ಆತು. ನನ್ನ ಕಣ್ಣು ಬರೇ ರಕ್ತ ಹುಡುಕತಿದ್ದುವು. ಒಂದ ಹನಿ ಇಲ್ಲ!

ಎದಿ ಉಬ್ಬಿತು. "ನೋಡ್ದಿ ಏನ ಜಿನಮತಿ? ಎಲ್ಲೆರ ಒಂದ ಹನಿ ರಕ್ತ ಬಂದೈತೇನ?"

ನೂತನ ಟವೆಲ್ ತಗೊಂಡು ಅಜ್ಜನ ಮಾರಿ ಒರಸಿದ್ಳು. ಒರಸಿ, ಹತ್ತರ ಬಗ್ಗಿ ನೋಡಿದ್ಳು.

"ರಕ್ತ ಬಂದಿಲ್ಲ ಖರೆ, ಪಪ್ಪಾ. ಆದ್ರ ಗಡ್ಡದ್ದೂ ಒಂದ ಕೂದಲಾ ಹೋಗಿಲ್ಲ!"

ನಾ ಇಷ್ಟೊತ್ತು ತಗದದ್ದು ಬರೇ ಬುರುಗು!

ಮಾವಾರು ಮೊದಲಿದ್ದಂಗ ಇದ್ದ ತಮ್ಮ ಬೆಳ್ಳನ ಗಡ್ಡಾ ಎರಡೂ ಕೈಲೆ ಸವರಿಕೊಂಡ್ರು. ವಸ್ತರಾ ನನ್ನ ಕೈಯಿಂದ ಮೆಲ್ಲಕ ಇಸಗೊಂಡು ಮಡಚಿದ್ರು. ಆಮ್ಯಾಲೆ ನನ್ನ ಹೆಗಲ ಮ್ಯಾಲೆ ಕೈ ಇಟ್ಟು ಎದ್ರು.

"ನಲವತ್ತು ವರ್ಷದಾಗ ಕೇದಾರಿ ಸೈತ ನನ್ನ ಗಲ್ಲಾ ಇಷ್ಟು ಜ್ವಾಕಿಲೆ ಮುಟ್ಟಿರಲಿಲ್ರಿ ಅಳಿಯಾರ. ನಡೀರಿ, ಸಲೂನಿಗೆ ಹೋಗೂಣು. ಬ್ಲೇಡಿದ್ರ ಬ್ಲೇಡ. ಆದ್ರ ನೀವು ಮಾತ್ರ ಹೊರಗ ಬೆಂಚಿನ ಮ್ಯಾಲೆ ಕುಂಡ್ರಬೇಕು!"