ಕಾಕಾರ ನೌಕರಿಗಳೂ ಬೈಬಲ್ಲಿನ ಗುರುಗಳೂ

೧೯೨೮ನೇ ಇಸವಿ. ನನಗೆ ಆಗ ಇಪ್ಪತ್ತು ವರ್ಷ; ಕನ್ನಡ ಸಾಲೆಯ ಮಾಸ್ತರಿಕೆ ಆಗತಾನೇ ಸಿಕ್ಕಿತ್ತು. ನಮ್ಮ ಗೋಕಾಕದಲ್ಲಿ ನೌಕರಿ ಹಿಡಿಯುವ ವಿದ್ಯೆಯನ್ನು ಬಲ್ಲವರು ಬಹಳ ಮಂದಿ ಇದ್ದರು. ಆದರೆ ಹಿಡಿದ ನೌಕರಿಯನ್ನು ಕಳೆದುಕೊಳ್ಳುವ ವಿದ್ಯೆಯಲ್ಲಿ ನಮ್ಮ ಕಾಕಾರಿಗೆ ಸಮನಾದವರು ಒಬ್ಬರೂ ಇರಲಿಲ್ಲ. ಇದು ಅತಿಶಯೋಕ್ತಿ ಅಲಂಕಾರವಲ್ಲ, ಶುದ್ಧ ವಸ್ತುಸ್ಥಿತಿ!

ಕಾಕಾ ಎಂದರೆ ನನ್ನ ತಂದೆಯ ತಮ್ಮ. ನನಗಿಂತ ಆರೇ ವರ್ಷ ಹಿರಿಯರು. ಒಮ್ಮೆ ಮಳೆಗೆ ಸಿಕ್ಕ ಪಾದ್ರಿಯೊಬ್ಬರು ನಮ್ಮ ಪಡಸಾಲೆಯಲ್ಲಿ ತಂಗಿ, ಹೋಗುವಾಗ ಕನ್ನಡ ಬೈಬಲ್ಲೊಂದನ್ನು ಅವರಿಗೆ ಕೊಟ್ಟುಹೋದರು. ಅಂದಿನಿಂದ ಕಾಕಾ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆಯೇ ಆ ಗ್ರಂಥವನ್ನು ಬಿಚ್ಚಿ ಕೂಡತೊಡಗಿದರು.

"ಯಾಕೋ, ಪಾದ್ರಿ ಆಗಾಂವ ಏನ?" ಎಂದು ಅಜ್ಜಿ ಗಾಬರಿಯಾದಳು.

"ಇಲ್ಲಬೇ ಯವ್ವಾ, ನೌಕರಿ ಮಾಡೋದು ಕಲಿಯಾಕತ್ತೇನಿ!"

ಕುರಿ ಕಾಯುತ್ತಿದ್ದ ದಾವೀದ ರಾಜನಾಗಲಿಲ್ಲವೇ? ಸೆರೆಮನೆಯಲ್ಲಿದ್ದ ಯೋಸೇಫ ದಿವಾನನಾಗಲಿಲ್ಲವೇ? ನೌಕರಿಗೊಬ್ಬ ಗುರುವನ್ನು ಆ ಗ್ರಂಥದಿಂದ ಆರಿಸಿಕೊಂಡರೆ ಬಡ್ತಿ ಹೇಗೆ ತಪ್ಪೀತು? ಇದು ಕಾಕಾರ ಸಿದ್ಧಾಂತ.

ಬಡ್ತಿಗಿಂತ ಮುಖ್ಯವಾದದ್ದೂ ಒಂದಿತ್ತು. ದಡ್ಡಿ ಎಂಬ ಊರಿನ ಗೌಡರ ಮಗಳನ್ನು ಕಾಕಾ ನೋಡಿ ಮೆಚ್ಚಿದ್ದರು. ಅವಳಿಗೂ ಇವರೇ ಬೇಕಾಗಿದ್ದರು. ಗೌಡರ ಷರತ್ತು ಒಂದೇ: "ಒಂದ ವರ್ಷ ನೆಟ್ಟಗ ನೌಕರಿ ಮಾಡಿ ತೋರಸ್ರಿ. ಆಮ್ಯಾಲ ಮದಿವಿ ಅಕ್ಕಿಕಾಳು."

"ಯಾಕೋಬ ಹೆಣ್ಣಿಗಾಗಿ ಏಳು ವರ್ಷ ಮಾವನ ಮನ್ಯಾಗ ದುಡದ. ನನಗ ಒಂದ ವರ್ಷ! ಭಾಳ ಸಸ್ತಾ ಬಿತ್ತಲ್ಲೋ!" ಎಂದು ಕಾಕಾ ಕುಣಿದಾಡಿದರು.

ಮೊದಲು ಬೆಲ್ಲದ ವ್ಯಾಪಾರಿಯೊಬ್ಬರಲ್ಲಿ ಗುಮಾಸ್ತಿಕೆ. ಗುರು, ಯೋಸೇಫ. ಏಳು ವರ್ಷ ಸುಗ್ಗಿ, ಏಳು ವರ್ಷ ಬರ ಎಂದು ರಾಜನ ಕನಸಿಗೆ ಅರ್ಥ ಹೇಳಿ ಮೇಲೆ ಬಂದವನಲ್ಲವೇ? ಕಾಕಾ ದಿನವೂ ಅಂಗಡಿಗೆ ಹೋದೊಡನೆ, "ಸಾವಕಾರ್ರ, ರಾತ್ರಿ ಏನ ಕನಸ ಬಿತ್ರಿ?" ಎಂದು ಕೇಳುವರು. ಬೇಸತ್ತ ಸಾವಕಾರರು ಒಂದು ದಿನ, "ಹೇಂತಿ ಬೈದಂಗ ಬಿತ್ತಪಾ" ಎಂದರು.

ಕಾಕಾ ಕಣ್ಣುಮುಚ್ಚಿ ಧ್ಯಾನಿಸಿದರು. "ಇನ್ನ ಏಳ ವರ್ಷ ಹಿಂಗ ಬೈತಾರ್ರಿ. ಮುಂದಿನ ಏಳ ವರ್ಷ ಸುಮ್ಮನಿರ್ತಾರ. ಈಗಿಂದ ತಾಳ್ಮಿ ಕೂಡಿಟ್ಕೋರಿ."

ಸಾವಕಾರರ ಹೆಂಡತಿ ಬಾಗಿಲ ಹಿಂದೆಯೇ ನಿಂತಿದ್ದರು. ಏಳು ವರ್ಷದವರೆಗೆ ಕಾಯುವ ಪ್ರಸಂಗವೇ ಬರಲಿಲ್ಲ. ಸಂಜೆಯೊಳಗೆ ಕಾಕಾ ಮನೆಗೆ ಬಂದರು!

ಅನಂತರ ಹುಕ್ಕೇರಿಯ ವಕೀಲರೊಬ್ಬರಲ್ಲಿ ಕಾರಕೂನಿಕೆ. ಈ ಸಲ ಗುರು, ನ್ಯಾಯಕ್ಕೆ ಹೆಸರಾದ ಸೊಲೊಮೋನ ರಾಜ. ಇಬ್ಬರು ಹೆಂಗಸರು ತನ್ನದು ತನ್ನದೆಂದು ಜಗಳಾಡಿದ ಕೂಸನ್ನು ಅವನು ಎರಡು ತುಂಡು ಮಾಡೆಂದಾಗ ನಿಜವಾದ ತಾಯಿ ಅತ್ತಳಂತೆ. ಒಂದು ದಿನ ವಕೀಲರು ಕೋರ್ಟಿಗೆ ಹೋಗಿದ್ದಾಗ, ಒಂದು ಎತ್ತಿನ ಚಕ್ಕಡಿಗಾಗಿ ಜಗಳಾಡುವ ಅಣ್ಣತಮ್ಮಂದಿರಿಬ್ಬರು ಬಂದರು. ಕಾಕಾ ಗಂಭೀರವಾಗಿ ತೀರ್ಪು ಕೊಟ್ಟರು: "ಚಕ್ಕಡಿ ನಟ್ಟನಡುವ ಕೊಯ್ದು ಅರ್ಧರ್ಧ ತಗೋರಿ!"

ಯಾರು ಅಳುವರೆಂದು ಇಬ್ಬರ ಮುಖಗಳನ್ನೂ ನೋಡುತ್ತ ಕುಳಿತರು. ಅಣ್ಣ, "ಬರೋಬ್ಬರಿ ಹೇಳಿದ್ರಿ!" ಎಂದ. ತಮ್ಮ ಗರಗಸ ತರಲು ಹೋದ. ವಕೀಲರು ಮರಳಿದಾಗ ಕಕ್ಷಿದಾರರೂ ಇರಲಿಲ್ಲ, ಖಟ್ಲೆಯೂ ಇರಲಿಲ್ಲ. ಮರುದಿನ ಕಾಕಾರೂ ಇರಲಿಲ್ಲ.

"ಒಬ್ಬರರೆ ಅಳಬೇಕಾಗಿತ್ತಲ್ಲೋ!" ಎಂದು ಕಾಕಾ ನನ್ನೆದುರು ಹಲುಬಿದರು. ಅತ್ತವರು ಅವರೊಬ್ಬರೇ.

ದಡ್ಡಿಯಿಂದ ಗೌಡರು ಹೇಳಿಕಳಿಸಿದರು: "ಕುಲಗೋಡದಿಂದ ಬ್ಯಾರೆ ವರ ಕೇಳಾಕತ್ತೈತಿ. ಇನ್ನೊಂದ ವರ್ಷ ನೋಡ್ತೀನಿ. ಈ ಸಲ ನೌಕರಿ ಬಿಟ್ರ ಹೆಣ್ಣೂ ಬಿಟ್ಟಂಗ."

ಮೂಡಲಗಿಯಲ್ಲಿ ಮಕ್ಕಳಿಲ್ಲದ ಮುದುಕ ಮುಸಲ್ಮಾನ ಸಾಹೇಬರೊಬ್ಬರ ಅರಿವೆ ಅಂಗಡಿ ಇತ್ತು. ಕಾಕಾ ಅಲ್ಲಿ ಸೇರಿದರು. ಗುರು, ರಾಜನ ಮಾಂಸದೂಟವನ್ನು ಬಿಟ್ಟು ಕಾಳುಪಲ್ಯದಲ್ಲೇ ಬದುಕಿದ ದಾನಿಯೇಲ. ಹಬ್ಬದ ದಿನ ಊಟಕ್ಕೆ ಕರೆದಾಗ ಕಾಕಾ ಎದೆಯುಬ್ಬಿಸಿ, "ದಾನಿಯೇಲನಂಗ ನಾನೂ ಮಾಂಸ ಮುಟ್ಟಂಗಿಲ್ರಿ!" ಎಂದರು.

ಸಾಹೇಬರು ಬಿದ್ದು ಬಿದ್ದು ನಕ್ಕರು. "ಅಲ್ರಿ, ನೀವು ಲಿಂಗಾಯತರು, ಹುಟ್ಟಿದಾಗಿಂದ ತಿಂದಿಲ್ಲ. ಇದರಾಗ ಆ ದಾನಿಯೇಲ ಯಾಕ ನಡುವ?"

ಹನ್ನೊಂದು ತಿಂಗಳು ನಿರ್ವಿಘ್ನವಾಗಿ ಕಳೆದವು. ಆಮೇಲೆ ಸಾಹೇಬರು ಅಂಟುಜ್ವರದಿಂದ ಮಲಗಿದರು. ಅಂಜಿದ ಬಂಧುಗಳು ಹೊಸ್ತಿಲು ದಾಟಲಿಲ್ಲ. ಅಂಗಡಿಗೆ ಬೀಗ ಬಿತ್ತು. ಎದುರಿನ ಅಂಗಡಿಯವರು ಕಾಕಾರನ್ನು ಕರೆದರು. ಅಲ್ಲಿ ಉಳಿದ ತಿಂಗಳನ್ನು ಪೂರೈಸಿದರೆ ಸಾಕೆಂದು ಗೌಡರೂ ದೊಡ್ಡ ಮನಸ್ಸು ಮಾಡಿದರು. ಆದರೂ ಕಾಕಾ ಹೋಗಲೊಲ್ಲರು! ಬುದ್ಧಿ ಹೇಳಲು ತಂದೆಯವರು ನನ್ನನ್ನು ಅಟ್ಟಿದರು.

ನಾನು ಹೋದಾಗ ಕಾಕಾ ಸಾಹೇಬರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸುತ್ತಿದ್ದರು.

"ಕಾಕಾ, ಹೆಣ್ಣು ಕೈಬಿಟ್ಟು ಹೊಕ್ಕೈತ್ರಿ! ಇದು ಯಾವ ಗುರುವಿನ ಪಾಠ ಅಂತೀನಿ?"

ಅವರು ತಲೆಯೆತ್ತಲಿಲ್ಲ. "ಯಾರ ನೆನಪೂ ಆಗಲಿಲ್ಲೋ. ಆ ಅರಿವಿ ಇತ್ತಾಗ ಕೊಡ, ಬಾಯಿ ಒರಸ್ತೀನಿ."

ಮರುದಿನ ಗೌಡರೇ ಬೈಯಲು ಬಂದರು. ಬಾಗಿಲಲ್ಲಿ ನಿಂತರು. ಕಾಕಾ ಅವರಿಗೆ ನಮಸ್ಕಾರ ಹೇಳುವುದನ್ನೂ ಮರೆತು ಸಾಹೇಬರ ಹಾಸಿಗೆ ಬದಲಿಸುತ್ತಿದ್ದರು. ಸಾಹೇಬರು ಕ್ಷೀಣದನಿಯಲ್ಲಿ, "ಗೌಡ್ರ, ಇಂವ ಅಂಗಡಿಗೆ ಅಷ್ಟ ಉಪಯೋಗ ಇಲ್ರಿ" ಎಂದು ದಮ್ಮು ತೆಗೆದುಕೊಂಡು, "ನನಗ ಮಗಳಿದ್ದಿದ್ರ ನಿಮಗ ಬಿಟ್ಟಕೊಡತಿರಲಿಲ್ಲ" ಎಂದರು.

ಗೌಡರು ರುಮಾಲು ತೆಗೆದಿಟ್ಟು, ತೋಳು ಮಡಿಸಿ, ಹಾಸಿಗೆಯ ಇನ್ನೊಂದು ತುದಿಯನ್ನು ಹಿಡಿದರು.

ಸಾಹೇಬರು ಎದ್ದು ನಡೆದಾಡುವವರೆಗೆ ಮದುವೆಯ ಮಾತು ಬೇಡವೆಂದು ಕಾಕಾ ಹಟ ಹಿಡಿದರು, ಗೌಡರು ಕಾದರು. ಕೋಲೂರಿಕೊಂಡು ದಡ್ಡಿಗೆ ಬಂದ ಸಾಹೇಬರು ಎಲ್ಲರಿಗಿಂತ ಮೊದಲು ಅಕ್ಕಿಕಾಳು ಹಾಕಿದ್ದು ೧೯೩೦ನೇ ಇಸವಿ ಮೇ ತಿಂಗಳ ಐದನೆಯ ತಾರೀಖು, ಸೋಮವಾರ.